ರಿಪೇರಿಯವನು ದೂರವಾದ, ವಾರಂಟಿ ಕಾರ್ಡು ಮನೆಗೆ ಬಂತು

ಸೋಲಾರ್ ಹಾಕಿಸುವಾಗ ಎಲ್ಲರ ಕಣ್ಣೂ ಚಾವಣಿ ಮೇಲಿನ ಪ್ಯಾನೆಲ್ ಮೇಲೆ. ಆದರೆ ಮೊದಲು ಕೈಕೊಡುವುದು ಹೆಚ್ಚಾಗಿ ಗೋಡೆಯ ಮೇಲಿನ ಪೆಟ್ಟಿಗೆ, ಇನ್ವರ್ಟರ್. ಅದು ಕೆಟ್ಟ ದಿನ ಅಂಗಡಿಯವರು ‘ಕಂಪನಿಗೆ ಫೋನ್ ಮಾಡಿ’ ಅನ್ನುತ್ತಾರೆ. ಕಂಪನಿಯವರು ‘ಹಾಕಿಕೊಟ್ಟವರನ್ನೇ ಕೇಳಿ’ ಅನ್ನುತ್ತಾರೆ. ಕಟ್ಟೆಮಳಲವಾಡಿಯಿಂದ ಎಚ್.ಡಿ. ಕೋಟೆವರೆಗೆ ಈ ದೂರು ನಮ್ಮ ಕಿವಿಗೆ ಬೀಳುತ್ತಲೇ ಇರುತ್ತದೆ. ಹೀಗೇಕಾಯಿತು ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕೆ.ಆರ್. ನಗರದ ಮಗ್ಗುಲಲ್ಲೇ ಹರಿಯುವ ಕಾವೇರಿಯಿಂದ ಶಿವನಸಮುದ್ರದಲ್ಲಿ ಕರೆಂಟು ತೆಗೆದದ್ದು 1902ರಲ್ಲಿ. ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಹಳ್ಳಿಗಳು ಅದಕ್ಕಾಗಿ ದಶಕಗಟ್ಟಲೆ ಕಾದವು. ಕಾಡಂಚಿನ ಹಾಡಿಗಳಂತೂ ಇನ್ನೂ ಹೆಚ್ಚು ಕಾದವು. ಕಂಬ ಬಾರದ ಕಡೆಗೆ ಬಂದದ್ದೇ ಸೋಲಾರ್.

ಸರ್ಕಾರ, ಸಂಘ–ಸಂಸ್ಥೆಗಳು ಸೋಲಾರ್ ದೀಪ ಹಂಚಿದವು. ಹಂಚಿದವರು ಹೋದ ಮೇಲೆ ಬ್ಯಾಟರಿ ಸತ್ತರೆ ಕೇಳುವವರಿರಲಿಲ್ಲ. ದೀಪ ಮೂಲೆ ಸೇರಿತು. ‘ಸೋಲಾರ್ ನಿಲ್ಲಲ್ಲ ಬಿಡಿ’ ಎಂಬ ಮಾತು ಹುಟ್ಟಿದ್ದು ಹೀಗೆ.

1995ರಲ್ಲಿ ಹರೀಶ್ ಹಂದೆ ಮತ್ತು ಅಮೆರಿಕದ ನೆವಿಲ್ ವಿಲಿಯಮ್ಸ್ ಸೇರಿ ಸೆಲ್ಕೋ ಇಂಡಿಯಾ ಶುರುಮಾಡಿದರು. ಮನೆಗೆ ಎಷ್ಟು ದೀಪ ಬೇಕೋ ಅಷ್ಟಕ್ಕೇ ಸೋಲಾರ್ ಹಾಕುವುದು, ಬ್ಯಾಂಕಿನಿಂದ ಸಾಲ ಕೊಡಿಸುವುದು, ಗಿರಾಕಿಗೆ ಹತ್ತಿರದಲ್ಲೇ ಸರ್ವಿಸ್ ಕೇಂದ್ರ ಇಡುವುದು ಅವರ ದಾರಿ. ಈ ಮೂರರಲ್ಲಿ ನಮಗೆ ದೊಡ್ಡದಾಗಿ ಕಾಣುವುದು ಕೊನೆಯದು. ರಿಪೇರಿಗೆ ಹುಡುಗ ಬರುತ್ತಾನೆ ಎಂಬ ಧೈರ್ಯವಿದ್ದರೆ ಬ್ಯಾಂಕಿನವರೂ ಸಾಲ ಕೊಡುತ್ತಾರೆ, ಸಾಲ ತೆಗೆದವರೂ ಕಂತು ಕಟ್ಟುತ್ತಾರೆ. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಸಂಸ್ಥೆಯ ನೆರವಿನಿಂದ ಕೆನರಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್‌ಗಳು ಸೋಲಾರ್ ಸಾಲ ಆರಂಭಿಸಿದವು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಆ ಕಾಲದ ಸಣ್ಣ ಸೋಲಾರ್‌ನಲ್ಲಿ ಇದ್ದದ್ದೇ ನಾಲ್ಕು ಸಾಮಾನು: ಪ್ಯಾನೆಲ್, ಬ್ಯಾಟರಿ, ಚಾರ್ಜ್ ನೋಡಿಕೊಳ್ಳುವ ಚಿಕ್ಕ ಡಬ್ಬಿ, ದೀಪ. ದೀಪ 12 ವೋಲ್ಟಿನ ಬ್ಯಾಟರಿಯಿಂದಲೇ ನೇರವಾಗಿ ಉರಿಯುತ್ತಿತ್ತು. ಡಿಸ್ಟಿಲ್ಡ್ ವಾಟರ್ ಹಾಕುವುದು, ಫ್ಯೂಸ್ ಬದಲಿಸುವುದು, ವೈರು ಬಿಗಿ ಮಾಡುವುದು, ಇಷ್ಟು ಕಲಿತ ಊರ ಹುಡುಗನೇ ಸಾಕಾಗುತ್ತಿದ್ದ.

2008ರ ನಂತರ ಚೀನಾದಲ್ಲಿ ತಯಾರಿಕೆ ಹೆಚ್ಚಿ ಪ್ಯಾನೆಲ್ ಬೆಲೆ ಇಳಿಯಿತು. ಸೋಲಾರ್ ದೀಪದಿಂದ ಟಿವಿ, ಮಿಕ್ಸಿ, ಪಂಪ್‌ಸೆಟ್‌ಗೆ ಬೆಳೆಯಿತು. ರೈತರ ಪಂಪ್‌ಸೆಟ್‌ನ ಹೆಚ್ಚುವರಿ ಕರೆಂಟನ್ನು ಲೈನಿಗೆ ಮಾರುವ ‘ಸೂರ್ಯ ರೈತ’ ಯೋಜನೆಯನ್ನು ಕನಕಪುರ ತಾಲ್ಲೂಕಿನ ಹಾರೋಬೆಲೆ ಭಾಗದಲ್ಲಿ ಪ್ರಯೋಗ ಮಾಡಿದ್ದೂ ಆಮೇಲೆ. 2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯ ಘರ್ ಬಂತು. 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3 ಮತ್ತು ಮೇಲ್ಪಟ್ಟರೆ 78,000 ರೂಪಾಯಿ ಸಹಾಯಧನ.

ಇವೆಲ್ಲಕ್ಕೂ ಇನ್ವರ್ಟರ್ ಬೇಕು. ಪ್ಯಾನೆಲ್ಲಿನ ಡಿ.ಸಿ. ಕರೆಂಟನ್ನು ಮನೆಯ 230 ವೋಲ್ಟಿನ ಎ.ಸಿ. ಮಾಡುವ ಯಂತ್ರ ಅದು. ಒಳಗೆ ಸೂಕ್ಷ್ಮ ಬೋರ್ಡು. ತಗಡಿನ ಚಾವಣಿಯ ಕಾವಿಗೆ ಅದರ ಕೆಪಾಸಿಟರ್ ಒಣಗುತ್ತದೆ. ಮುಂಗಾರಿನ ಮೊದಲ ಸಿಡಿಲಿಗೆ, ಲೈನಿನಲ್ಲಿ ವೋಲ್ಟೇಜ್ ಏರುಪೇರಾದರೆ ಬೋರ್ಡು ಸುಡುತ್ತದೆ. ಫ್ಯಾನಿನೊಳಗೆ ಇರುವೆ, ಹಲ್ಲಿ ಸೇರುತ್ತವೆ. ಸುಟ್ಟ ಬೋರ್ಡನ್ನು ಊರ ಹುಡುಗ ಬೆಸೆಯಲಾರ, ಅದು ಕಂಪನಿಗೇ ಹೋಗಬೇಕು. ರಿಪೇರಿಯವನು ದೂರವಾದದ್ದು ಇಲ್ಲಿ. ಅವನ ಬದಲು ನಮ್ಮ ಕೈಗೆ ಬಂದದ್ದು ವಾರಂಟಿ ಕಾರ್ಡು.

ಆ ಕಾರ್ಡನ್ನು ಪೂರ್ತಿ ಓದಬೇಕು. ಮಾರುವವರು ಹೇಳುವ ‘25 ವರ್ಷ’ ಪ್ಯಾನೆಲ್ ಎಷ್ಟು ಕರೆಂಟು ಕೊಡುತ್ತದೆ ಎಂಬುದಕ್ಕೆ. ಇನ್ವರ್ಟರ್‌ಗೆ ಸಾಮಾನ್ಯವಾಗಿ 5ರಿಂದ 10 ವರ್ಷ, ಬ್ಯಾಟರಿಗೆ ಇನ್ನೂ ಕಡಿಮೆ. ಸಿಡಿಲು, ನೀರು, ತಪ್ಪಾಗಿ ಕೂರಿಸಿದ್ದು, ಬೇರೆಯವರು ಬಿಚ್ಚಿದ್ದು ಇವನ್ನು ಹೆಚ್ಚಿನ ಕಂಪನಿಗಳು ವಾರಂಟಿಯಿಂದ ಹೊರಗಿಟ್ಟಿರುತ್ತವೆ. ಹಾಗಾಗಿ ಸರಿಯಾದ ಅರ್ಥಿಂಗ್, ಸಿಡಿಲು ತಡೆಯುವ ಸಾಧನ ಹಾಕಿಸದೆ ದುಡ್ಡು ಚುಕ್ತಾ ಮಾಡಬೇಡಿ.

ಇನ್ನೊಂದು ಮಾತು. ಲೈನಿಗೆ ಜೋಡಿಸಿದ, ಬ್ಯಾಟರಿಯಿಲ್ಲದ ಇನ್ವರ್ಟರ್ ಸೆಸ್ಕ್ ಕರೆಂಟು ಹೋದಾಗ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮ್ಯಾನ್ ಜೀವ ಉಳಿಯಲೆಂದೇ ಹಾಗೆ ಮಾಡಿರುತ್ತಾರೆ. ಅದು ಕೆಟ್ಟಿದ್ದಲ್ಲ.

ನಿಜವಾಗಿ ಕೆಟ್ಟರೆ ಪೆಟ್ಟಿಗೆ ಬಿಚ್ಚಬೇಡಿ. ಪರದೆ ಮೇಲೆ ಬಂದ ಎರರ್ ನಂಬರ್ ಮತ್ತು ಸೀರಿಯಲ್ ನಂಬರಿನ ಫೋಟೊ ತೆಗೆಯಿರಿ. ಬಿಲ್ಲಿನ ಜೊತೆ ಅಂಗಡಿ, ಕಂಪನಿ ಎರಡಕ್ಕೂ ಬರಹದಲ್ಲೇ ದೂರು ಕೊಟ್ಟು, ದೂರಿನ ನಂಬರ್ ಕೇಳಿ ಪಡೆಯಿರಿ. ಬರೀ ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿ ಇರುವುದಿಲ್ಲ. ಸೂರ್ಯ ಘರ್‌ನಲ್ಲಿ ಹಾಕಿಸಿದ್ದರೆ ಹಾಕಿಕೊಟ್ಟವರೇ 5 ವರ್ಷ ನಿರ್ವಹಣೆ ನೋಡಿಕೊಳ್ಳಬೇಕು. ಆ ಕರಾರು ಪತ್ರ ನಿಮ್ಮ ಬಳಿ ಇರಲಿ.

ಅಷ್ಟಕ್ಕೂ ಬಗ್ಗದಿದ್ದರೆ ಕಾನೂನಿದೆ. 1986ರ ಗ್ರಾಹಕ ಕಾಯ್ದೆಯಲ್ಲಿ ಎದುರು ಪಕ್ಷದವರ ಊರು, ಶಾಖೆ ಅಥವಾ ವ್ಯವಹಾರ ನಡೆದ ಜಾಗ ನೋಡಿ ದೂರು ಹಾಕಬೇಕಿತ್ತು. 2020ರ ಜುಲೈ 20ರಿಂದ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ನಾವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು. ಕಂಪನಿ ದೆಹಲಿಯದಾದರೂ ನಮಗೆ ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗವೇ ಸಾಕು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಆದರೆ ತಕರಾರು ಹುಟ್ಟಿದ 2 ವರ್ಷದೊಳಗೆ ಹಾಕಬೇಕು. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ ನೋಡಬಹುದು.

ಹೊಗೆಸೊಪ್ಪಿನ ದುಡ್ಡು ಕೈಗೆ ಬಂದಾಗ ಸೋಲಾರ್ ಹಾಕಿಸುವ ಯೋಚನೆ ಇದ್ದವರು ಎಷ್ಟು ವ್ಯಾಟ್, ಎಷ್ಟು ಸಬ್ಸಿಡಿ ಎಂದು ಕೇಳುವ ಮುಂಚೆ ಇನ್ನೊಂದನ್ನು ಕೇಳಿ: ಕೆಟ್ಟರೆ ನೋಡಲು ಬರುವವರು ಯಾವ ಊರಿನಲ್ಲಿದ್ದಾರೆ, ಎಷ್ಟು ದಿನದಲ್ಲಿ ಬರುತ್ತಾರೆ? ಉತ್ತರವನ್ನು ಬಿಲ್ಲಿನ ಮೇಲೇ ಬರೆಸಿಕೊಳ್ಳಿ.