ಭೀಮಾತೀರದ ಮಠಗಳೂ ಮಾಸಪತ್ರಿಕೆಯ ಓದೂ

ಆಳಂದದ ಏಕಾಂತದ ರಾಮಯ್ಯನನ್ನು ಶಿವಭಕ್ತರು ಹರಿಹರನ ರಗಳೆಯಿಂದ ಬಲ್ಲರು. ಆತನು ಕೇವಲ ಪುರಾಣಪುರುಷನಲ್ಲ, ಈ ನೆಲದಲ್ಲಿ ಬಾಳಿಹೋದ ವ್ಯಕ್ತಿ ಎಂಬುದಕ್ಕೆ ಪ್ರಬಲ ಆಧಾರವಾದ ಅಬ್ಬಲೂರಿನ ಶಾಸನವು ವಿದ್ವಾಂಸರ ಕೈಗೆ ಬಂದುದು ಒಂದು ನಿಯತಕಾಲಿಕದ ಮೂಲಕ. ಜೆ. ಎಫ್. ಫ್ಲೀಟರು ಅದನ್ನು ಸಂಪಾದಿಸಿ 'ಎಪಿಗ್ರಾಫಿಯಾ ಇಂಡಿಕಾ'ದ 1898-99ರ ಐದನೆಯ ಸಂಪುಟದಲ್ಲಿ ಪ್ರಕಟಿಸಿದರು. ರಾಮಯ್ಯನು ಆಳಂದೆಯವನೆಂದು ಆ ಶಾಸನವೇ ಹೇಳುತ್ತದೆ. ಆದರೆ ಆ ಸಂಪುಟ ಇಂಗ್ಲಿಷಿನದು, ಸರ್ಕಾರದ್ದು. ರಾಮಯ್ಯನ ಹುಟ್ಟೂರಿನ ಭಕ್ತನೊಬ್ಬನು ಅದನ್ನು ಕಾಣುವ ಸಂಭವವೇ ಇರಲಿಲ್ಲ. ವಿದ್ವಾಂಸರ ಕೋಣೆಯಲ್ಲಿ ಬೆಳಗಿದ ಇಂತಹ ದೀಪವನ್ನು ಹಳ್ಳಿಯ ಪಡಸಾಲೆಗೆ ತಂದಿಡುವ ಕೆಲಸ ಕನ್ನಡದ ಮಾಸಪತ್ರಿಕೆಗಳ ಪಾಲಿಗೆ ಬಂದಿತು. ಮುದ್ರಿತ ಪತ್ರಿಕೆಗಳ ಕಾಲ ಮುಗಿಯುತ್ತ ಬಂದಿತೆಂಬ ಮಾತು ಎಲ್ಲೆಡೆ ಕೇಳಿಬರುತ್ತಿರುವ ಈ ದಿನಗಳಲ್ಲಿ, ಆಳಂದ, ಅಫಜಲಪುರ ಮತ್ತು ಜೇವರ್ಗಿ ಸೀಮೆಯನ್ನು ಕಣ್ಣಮುಂದಿಟ್ಟುಕೊಂಡು ಆ ಕೆಲಸದ ಸ್ವರೂಪವನ್ನು ವಿಚಾರಿಸುವುದು ಉಚಿತವಾಗಿದೆ.

ಕನ್ನಡದ ಪತ್ರಿಕೋದ್ಯಮದ ಮೊದಲ ಹೆಜ್ಜೆಗಳು ಸುಪ್ರಸಿದ್ಧ. 1843ರಲ್ಲಿ ಹರ್ಮನ್ ಮೋಗ್ಲಿಂಗರ 'ಮಂಗಳೂರ ಸಮಾಚಾರ', 1896ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದ 'ವಾಗ್ಭೂಷಣ', 1919ರಲ್ಲಿ 'ಪ್ರಬುದ್ಧ ಕರ್ಣಾಟಕ', 1922ರಲ್ಲಿ ಆಲೂರ ವೆಂಕಟರಾಯರ 'ಜಯಕರ್ನಾಟಕ'. ಮಂಗಳೂರು, ಧಾರವಾಡ, ಮೈಸೂರು, ಬೆಂಗಳೂರುಗಳೇ ಇವುಗಳ ನೆಲೆ. ಭೀಮೆಯ ಬಯಲು ಈ ನಕ್ಷೆಯಲ್ಲಿ ಬರಿದಾಗಿ ಕಾಣುತ್ತದೆ. ಇದಕ್ಕೆ ಆ ಭಾಗದ ಜನರ ನಿರಾಸಕ್ತಿ ಕಾರಣವಲ್ಲ. ಜೇವರ್ಗಿಯ ಷಣ್ಮುಖ ಶಿವಯೋಗಿಗಳು ಹದಿನೇಳನೆಯ ಶತಮಾನದಲ್ಲಿಯೂ 'ಅಖಂಡೇಶ್ವರ' ಎಂಬ ಅಂಕಿತದಿಂದ ವಚನಗಳನ್ನು ರಚಿಸಿ, ಹನ್ನೆರಡನೆಯ ಶತಮಾನದ ವಾಣಿಯನ್ನು ಮುಂದುವರಿಸಿದವರು. ಅಂತಹ ನೆಲದಲ್ಲಿ ಪತ್ರಿಕೆ ಹುಟ್ಟದೆ ಹೋದುದಕ್ಕೆ ಆಳ್ವಿಕೆಯ ಸ್ವರೂಪವೇ ಮುಖ್ಯ ಕಾರಣ.

ಈ ಮೂರೂ ತಾಲ್ಲೂಕುಗಳು 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಒಳಪಟ್ಟಿದ್ದವು. ಕಚೇರಿಯ ಭಾಷೆ ಉರ್ದು. ಮೇಲಿನ ತರಗತಿಗಳ ಬೋಧನೆಯೂ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದುವನ್ನೇ ಶಿಕ್ಷಣ ಮಾಧ್ಯಮವಾಗಿ ಸ್ವೀಕರಿಸಿತು. ಸಾರ್ವಜನಿಕ ಸಭೆಗೆ ಪೂರ್ವಾನುಮತಿಯನ್ನು ಕಡ್ಡಾಯಗೊಳಿಸಿದ 'ಗಸ್ತಿ ನಿಶಾನ್ 53' ಎಂಬ ಸುತ್ತೋಲೆ ಸಂಘಜೀವನವನ್ನೇ ಕಟ್ಟಿಹಾಕಿತ್ತು. ಮನೆಮಾತು ಕನ್ನಡ, ನ್ಯಾಯಾಲಯದ ಕಾಗದ ಉರ್ದು, ಆಳಂದದಂತಹ ಗಡಿಸೀಮೆಯಲ್ಲಿ ಪೇಟೆಯ ವ್ಯವಹಾರಕ್ಕೆ ಮರಾಠಿಯೂ ಬೇಕು. ಇಂತಹ ಪರಿಸರದಲ್ಲಿ ಕನ್ನಡದ ಅಕ್ಷರವನ್ನು ಉಳಿಸಿದವುಗಳಲ್ಲಿ ಮಠಗಳ ಪಾಲು ಹಿರಿದು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಇಂದಿಗೂ ಜನಜನಿತ. ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ನೆಲೆನಿಂತ ಶರಣಬಸವೇಶ್ವರರ ಸಂಸ್ಥಾನದ ಲಿಂಗೈಕ್ಯ ದೊಡ್ಡಪ್ಪ ಅಪ್ಪ ಅವರು 1934ರಲ್ಲಿ ಹೆಣ್ಣುಮಕ್ಕಳಿಗಾಗಿ ಮಹಾದೇವಿ ಶಾಲೆಯನ್ನು ತೆರೆದರು. ಶಾಲೆಯಿಲ್ಲದ ಊರಿಗೆ ಪತ್ರಿಕೆಯೇ ಶಾಲೆಯಾಗಬೇಕಾಗಿದ್ದ ಕಾಲವದು.

ಆ ಪತ್ರಿಕೆ ಹೊಳೆಯ ಆಚೆಯ ದಂಡೆಯಲ್ಲಿ ಹುಟ್ಟಿತು. ವಿಜಯಪುರದ ವಕೀಲರಾದ ಫ. ಗು. ಹಳಕಟ್ಟಿಯವರು 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು 1923ರಲ್ಲಿ ಬೆಳಗಾವಿಯ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿದ ಬಳಿಕ, ಪರರ ಅಚ್ಚುಕೂಟವನ್ನು ನಂಬಿ ಈ ಕಾರ್ಯ ಸಾಗದೆಂದು ಮನಗಂಡರು. ತಮ್ಮ ಮನೆಯನ್ನೇ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷ, 1926ರಲ್ಲಿ, 'ಶಿವಾನುಭವ' ಪತ್ರಿಕೆ ಆರಂಭವಾಯಿತು. 1927ರಲ್ಲಿ 'ನವಕರ್ನಾಟಕ' ವಾರಪತ್ರಿಕೆಯೂ ಸೇರಿಕೊಂಡಿತು. ಅದೇ 1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪದವಿ ಅವರಿಗೆ ಬಂದಿತೆಂಬುದು ನಿಜ; ಆದರೆ ಅವರ ಜೀವಮಾನದ ಸಿಂಹಾಸನ ಯಾವುದೆಂದು ಕೇಳಿದರೆ ಕರಡಚ್ಚಿನ ಮೇಜನ್ನೇ ತೋರಿಸಬೇಕು.

'ಶಿವಾನುಭವ'ದ ಮಹತ್ವ ಅದು ಪ್ರಕಟಿಸಿದ ಲೇಖನಗಳ ಸಂಖ್ಯೆಯಲ್ಲಿ ಇಲ್ಲ. ಹಳಕಟ್ಟಿಯವರು ಹಳ್ಳಿಹಳ್ಳಿಗಳ ಮಠ-ಮನೆಗಳಲ್ಲಿ ಪೂಜೆಯ ಗೂಡಿನಲ್ಲಿಯೂ ಅಟ್ಟದ ಮೇಲೆಯೂ ಬಿದ್ದಿದ್ದ ತಾಡವೋಲೆ ಮತ್ತು ಕೈಬರಹದ ಕಟ್ಟುಗಳನ್ನು ಹುಡುಕಿ ತಂದು, ಪಾಠಗಳನ್ನು ಹೋಲಿಸಿ, ಪತ್ರಿಕೆಯ ಮೂಲಕ ಮತ್ತೆ ಹಳ್ಳಿಗೇ ತಲುಪಿಸಿದರು. ಹಳ್ಳಿಯಿಂದ ಓಲೆ, ಮುದ್ರಣಾಲಯದಿಂದ ಸಂಚಿಕೆ: ಈ ಕೊಡುಕೊಳೆಯೇ ಪತ್ರಿಕೆಯ ಪ್ರಾಣ. ತನ್ನ ಮನೆಯ ಜಗುಲಿಯ ಮೇಲೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಕುಳಿತ ಕಟ್ಟಿನಲ್ಲಿ ಏನಿದೆಯೆಂದು ತಿಳಿಯದಿದ್ದ ಗೃಹಸ್ಥನಿಗೆ, ಅದರಂತಹುದೇ ಇನ್ನೊಂದು ಕಟ್ಟಿನ ಪಾಠ ಅಚ್ಚಾಗಿ ಬಂದಾಗ ಅದರ ಬೆಲೆ ಗೊತ್ತಾಗುತ್ತಿತ್ತು. ಪುಸ್ತಕವು ಮುಗಿದ ಮಾತು. ಪತ್ರಿಕೆಯಾದರೋ ಮುಂದಿನ ಸಂಚಿಕೆಯಲ್ಲಿ ತಿದ್ದಿಕೊಳ್ಳಬಲ್ಲ ಮಾತು. 1930ರಲ್ಲಿ ಹಳಕಟ್ಟಿಯವರ ಸಂಪಾದನೆಯಲ್ಲಿ 'ಶೂನ್ಯಸಂಪಾದನೆ' ಬೆಳಕಿಗೆ ಬಂದಿತು. ಅಷ್ಟು ದೊಡ್ಡ ಗ್ರಂಥವನ್ನು ಸ್ವೀಕರಿಸುವ ಓದುಗ ಸಮುದಾಯವನ್ನು ಸಿದ್ಧಗೊಳಿಸಿದ ಯಶಸ್ಸಿನಲ್ಲಿ ಪತ್ರಿಕೆಗೂ ಪಾಲು ಸಲ್ಲಬೇಕು. ಮುಂದೆ ಬೆಂಗಳೂರಿನಲ್ಲಿ ಬಿ. ಶಿವಮೂರ್ತಿ ಶಾಸ್ತ್ರಿಗಳ 'ಶರಣ ಸಾಹಿತ್ಯ'ವೂ ಇದೇ ದಾರಿಯಲ್ಲಿ ನಡೆಯಿತು.

ವಿಜಯಪುರಕ್ಕೂ ಈ ಸೀಮೆಗೂ ಇದ್ದ ದೂರ ರಾಜಕೀಯದ್ದು, ನೆಲದ್ದಲ್ಲ. ಅಫಜಲಪುರ ಮತ್ತು ಇಂಡಿ ತಾಲ್ಲೂಕುಗಳು ಭೀಮೆಯ ಎರಡು ದಂಡೆಗಳಲ್ಲಿ ಎದುರುಬದುರಾಗಿವೆ. ಜೇವರ್ಗಿಯಂತೂ ಸಿಂದಗಿಗೆ ಹೊಲದ ಬದುವಿನಷ್ಟು ಸಮೀಪ. ಆದರೂ ಒಂದು ದಂಡೆ ಮುಂಬಯಿ ಆಧಿಪತ್ಯಕ್ಕೆ, ಇನ್ನೊಂದು ನಿಜಾಮರಿಗೆ ಸೇರಿದ್ದಿತು. ನಿಜಾಮರ ಅಂಚೆಯೇ ಬೇರೆ, ಅಂಚೆಚೀಟಿಯೇ ಬೇರೆ. 1950ರಲ್ಲಿ ಮಾತ್ರ ಅದು ಭಾರತದ ಅಂಚೆಯಲ್ಲಿ ಲೀನವಾಯಿತು. ರೈಲಿನ ದಾರಿಯೂ ಸುತ್ತು: ವಿಜಯಪುರದಿಂದ 1884ರ ಮೀಟರ್‌ಗೇಜ್ ಹಳಿಯ ಮೇಲೆ ಹೋಟಗಿಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ, ಮುಂಬಯಿ-ಮದರಾಸು ಹಳಿಯ ಗಾಣಗಾಪುರ ರೋಡಿನಲ್ಲಿಯೋ ಕಲಬುರಗಿಯಲ್ಲಿಯೋ ಇಳಿಯಬೇಕು. ಹೊಳೆಯನ್ನು ನೇರವಾಗಿ ದಾಟುವ ನಾವೆಯೇ ಇದಕ್ಕಿಂತ ಸಮೀಪದ ದಾರಿ.

ಓದಿನ ರೀತಿಯೂ ವಿಚಾರಾರ್ಹ. ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಹುಟ್ಟಿ ಹಳೆಯ ಜೇವರ್ಗಿ ತಾಲ್ಲೂಕಿನ ಕಡಕೋಳದಲ್ಲಿ ನೆಲೆಸಿದ ಮಡಿವಾಳಪ್ಪನವರ ತತ್ತ್ವಪದಗಳು ಏಕತಾರಿಯ ನಾದದೊಡನೆ ಕಿವಿಯಿಂದ ಕಿವಿಗೆ ಹರಿದು ಬಂದವು. ಶ್ರಾವಣದಲ್ಲಿ ಮಠದ ಅಂಗಳದಲ್ಲಿ ತಿಂಗಳುಗಟ್ಟಲೆ ಪುರಾಣ ನಡೆಯುವುದು ಇಲ್ಲಿಯ ವಾಡಿಕೆ. ಅಕ್ಷರ ಬಲ್ಲವನೊಬ್ಬನು ಓದುವುದು, ಉಳಿದವರು ಕೇಳಿ ಪ್ರಶ್ನಿಸುವುದು: ಇದು ಈ ಜನರಿಗೆ ಹೊಸತಲ್ಲ. ಮಾಸಪತ್ರಿಕೆ ಇಂತಹ ಕೇಳ್ಮೆಯ ಜಗತ್ತನ್ನು ಪ್ರವೇಶಿಸಿತು. ಆದುದರಿಂದ ಇಲ್ಲಿ ಒಂದು ಪ್ರತಿಗೆ ಒಬ್ಬ ಓದುಗನೆಂದು ಲೆಕ್ಕ ಹಾಕುವುದು ಅಸಂಗತ. ಚಂದಾದಾರರ ಪಟ್ಟಿಯನ್ನು ನೋಡಿ ಪತ್ರಿಕೆಯ ಪ್ರಭಾವವನ್ನು ಅಳೆಯುವ ಸಂಶೋಧಕರು ಈ ಅಂಶವನ್ನು ಮರೆಯಬಾರದು.

1956ರ ನವೆಂಬರ್ 1ರಂದು ಕಲಬುರಗಿ ಜಿಲ್ಲೆ ಮೈಸೂರು ರಾಜ್ಯದಲ್ಲಿ ಸೇರಿದ ಮೇಲೆ ಪರಿಸ್ಥಿತಿ ಬದಲಾಯಿತು. ಅದೇ ವರ್ಷ ಹುಬ್ಬಳ್ಳಿಯಿಂದ 'ಕಸ್ತೂರಿ' ಹೊರಟಿತು; 1964ರಲ್ಲಿ ಧಾರವಾಡದ 'ಸಂಕ್ರಮಣ', 1965ರಲ್ಲಿ 'ಸುಧಾ', 1968ರಲ್ಲಿ 'ಮಯೂರ' ಬಂದವು. ಕನ್ನಡದಲ್ಲಿ 1949ರಿಂದ ಬರುತ್ತಿದ್ದ 'ಚಂದಮಾಮ' ಮಕ್ಕಳನ್ನು ಓದಿಗೆ ಎಳೆಯಿತು. ಅದು 2013ರಲ್ಲಿ ನಿಂತುಹೋಯಿತು. ಈ ಪತ್ರಿಕೆಗಳನ್ನು ನೆನೆಯುವವರು ಸಾಮಾನ್ಯವಾಗಿ ಹೊಸ ಕಾಗದದ ವಾಸನೆಯನ್ನೂ, ಅಂಚೆಯವನ ದಾರಿ ಕಾಯುತ್ತಿದ್ದ ಮಧ್ಯಾಹ್ನಗಳನ್ನೂ ನೆನೆಯುತ್ತಾರೆ. ಆ ಹಳಹಳಿಕೆ ಸಹಜವಾದುದು, ಆದರೆ ಅಲ್ಲಿಗೇ ನಿಂತರೆ ಪತ್ರಿಕೆಗೆ ಸಲ್ಲಬೇಕಾದ ನ್ಯಾಯ ಸಲ್ಲುವುದಿಲ್ಲ. ವಾಸನೆ ಹೋದರೆ ಹೋಗಲಿ. ಸಂಚಿಕೆಗಳ ಸಾಲು ಉಳಿದಿದೆಯೇ ಎಂಬುದು ಕೇಳಬೇಕಾದ ಪ್ರಶ್ನೆ.

ಗಣಕಯಂತ್ರವು ತಂದ ಲಾಭವನ್ನು ಅಲ್ಲಗಳೆಯುವುದು ಅವಿವೇಕ. ಸಾವಿರಾರು ವಚನಗಳಲ್ಲಿ ಒಂದು ಶಬ್ದ ಎಲ್ಲೆಲ್ಲಿ ಪ್ರಯೋಗವಾಗಿದೆಯೆಂಬುದನ್ನು 'ವಚನ ಸಂಚಯ'ದ ಮೂಲಕ ಕ್ಷಣಮಾತ್ರದಲ್ಲಿ ಕಾಣಬಹುದು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪಿತವಾದ ಕೇಂದ್ರೀಯ ವಿಶ್ವವಿದ್ಯಾಲಯದ ವಿದ್ಯಾರ್ಥಿಯು ಇಂದು ಫ್ಲೀಟರ ಅಬ್ಬಲೂರು ಲೇಖನವನ್ನು ಅಂಗೈಯಲ್ಲಿಯೇ ಓದಬಲ್ಲನು. ಇನ್ನೂ ವಿಸ್ಮಯದ ಸಂಗತಿಯೆಂದರೆ, ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಛಾಯಾಪ್ರತಿಯಾದ ಹಳೆಯ ಕನ್ನಡ ಪುಸ್ತಕಗಳಲ್ಲಿ ಬಹಳಷ್ಟು ಉಸ್ಮಾನಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದವು. ಯಾವ ವಿದ್ಯಾಲಯದ ಬೋಧನೆಯಲ್ಲಿ ಕನ್ನಡಕ್ಕೆ ಮಾಧ್ಯಮದ ಸ್ಥಾನವಿರಲಿಲ್ಲವೋ ಅದರ ಕಪಾಟುಗಳೇ ಕನ್ನಡದ ಗ್ರಂಥಗಳನ್ನು ಕಾಪಾಡಿ ಇಂದು ಲೋಕಕ್ಕೆ ಒಪ್ಪಿಸಿವೆ. ಆ ಯೋಜನೆಯ ಮೂಲ ಜಾಲತಾಣವೇ 2017ರ ಸುಮಾರಿಗೆ ಮುಚ್ಚಿಹೋಯಿತು. ಬೇರೆಯವರು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಪ್ರತಿಗಳನ್ನು ಇರಿಸಿದುದರಿಂದ ಅವು ಬದುಕಿಕೊಂಡವು. ಓಲೆಯ ಕಾಲದ ಲಿಪಿಕಾರನು ಮಾಡುತ್ತಿದ್ದುದೂ ಪ್ರತಿಯ ಮೇಲೆ ಪ್ರತಿ ಎತ್ತುವುದನ್ನೇ ಅಲ್ಲವೇ?

ಆದರೆ ಪುಸ್ತಕಕ್ಕೆ ಒದಗಿದ ಈ ಭಾಗ್ಯ ಪತ್ರಿಕೆಗೆ ಒದಗುವುದು ಕಷ್ಟ. ಪುಸ್ತಕದ ಒಂದು ಪ್ರತಿ ಎಲ್ಲಿ ಸಿಕ್ಕರೂ ಅದು ಪೂರ್ಣ. ಪತ್ರಿಕೆಯ ಒಂದು ಸಂಚಿಕೆ ಸಿಕ್ಕರೆ ಹಿಂದಿನದು ಬೇಕು, ಮುಂದಿನದು ಬೇಕು. ಒಬ್ಬರು ಎತ್ತಿದ ಆಕ್ಷೇಪಕ್ಕೆ ಇನ್ನೊಬ್ಬರ ಉತ್ತರ ಮೂರು ತಿಂಗಳ ಆಚೆಗೆ ಇರುತ್ತದೆ. ಲೇಖನವೊಂದನ್ನು ಮಾತ್ರ ಬಿಡಿಸಿ ತೆಗೆದು ಜಾಲದಲ್ಲಿ ಹಾಕಿದರೆ ಆಕ್ಷೇಪ ಉಳಿದು ಉತ್ತರ ಅಳಿಯುವ ಸಂಭವವಿದೆ. ಆಗ ತಪ್ಪೆಂದು ಸಿದ್ಧವಾದ ಮತವೇ ಸಿದ್ಧಾಂತವಾಗಿ ಮೆರೆಯುತ್ತದೆ. ಚಂದಾ ಸ್ವೀಕಾರದ ಸೂಚನೆ, ದಾನಿಗಳ ಹೆಸರು, ಜಾತ್ರೆಯ ಪ್ರಕಟಣೆ, ಔಷಧಾಲಯದ ಜಾಹೀರಾತು, ತಿದ್ದುಪಡಿ: ಇವೆಲ್ಲ ಇತಿಹಾಸಕಾರನಿಗೆ ಲೇಖನದಷ್ಟೇ ಮುಖ್ಯವಾದ ಸಾಮಗ್ರಿ. ಒಂದು ಹಳ್ಳಿಯಲ್ಲಿ ಕನ್ನಡ ಓದುವವರು ಯಾವಾಗ ಇದ್ದರೆಂಬುದಕ್ಕೆ ಚಂದಾ ಸ್ವೀಕಾರದ ಒಂದು ಸಾಲೇ ಕೆಲವೊಮ್ಮೆ ಏಕೈಕ ಸಾಕ್ಷಿಯಾಗಬಹುದು.

ಇನ್ನೊಂದು ವಿಪರೀತವನ್ನೂ ಗಮನಿಸಬೇಕು. ಮೊಳೆ ಜೋಡಿಸಿ ಅಚ್ಚು ಹಾಕಿದ 1926ರ ಸಂಚಿಕೆ ಕೈಗೆ ಸಿಕ್ಕರೆ ಈಗಲೂ ಓದಬಹುದು. 1990ರ ದಶಕದಿಂದ ಈಚೆಗೆ ಗಣಕದಲ್ಲಿ ಅಕ್ಷರ ಜೋಡಿಸಿದ ಸಣ್ಣ ಪತ್ರಿಕೆಗಳ ಮೂಲ ಕಡತಗಳಾದರೋ ಯೂನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸಗಳಲ್ಲಿ ಇದ್ದು, ಹೊಸ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುತ್ತವೆ. ಪರಿವರ್ತಿಸುವ ಸಾಧನಗಳಿವೆ, ಆದರೆ ಕಡತವೇ ಫ್ಲಾಪಿಯಲ್ಲಿ ಉಳಿದು, ಫ್ಲಾಪಿ ಮೂಲೆ ಸೇರಿದ್ದರೆ ಮಾಡುವುದೇನು? ಹೀಗೆ ಅಜ್ಜನ ಕಾಲದ ಪತ್ರಿಕೆಗಿಂತ ಮಗನ ಕಾಲದ ಪತ್ರಿಕೆ ಬೇಗ ಕಾಣೆಯಾಗುವ ಸ್ಥಿತಿ ಒದಗಿದೆ. ಅಂತಹ ಸಂಚಿಕೆಗಳಿಗೂ ಇಂದು ಮುದ್ರಿತ ಪ್ರತಿಯೇ ಆಧಾರ.

ಆ ಪ್ರತಿಗಳು ಎಲ್ಲಿವೆಯೆಂದು ಹುಡುಕಹೊರಟವರು ಮೊದಲು ತಟ್ಟಬೇಕಾದುದು ಮಠಗಳ ಬಾಗಿಲನ್ನು. ಪುರಾಣದ ಪುಸ್ತಕದೊಡನೆ ಪತ್ರಿಕೆಯನ್ನೂ ಬಟ್ಟೆಯಲ್ಲಿ ಕಟ್ಟಿಡುವ ಪದ್ಧತಿ ಹಲವು ಕಡೆ ಇದ್ದುದರಿಂದ ಕೆಲವು ಸಂಪುಟಗಳಾದರೂ ಉಳಿದಿರುತ್ತವೆ. ಆದರೆ ಕಾಲಾವಕಾಶ ಹೆಚ್ಚಿಲ್ಲ. ಗೆದ್ದಲು, ಸೋರುವ ಮಾಳಿಗೆ, ರದ್ದಿಯ ತಕ್ಕಡಿ ಇವು ಹಳೆಯ ವೈರಿಗಳು. 2020ರ ಅಕ್ಟೋಬರದಲ್ಲಿ ಭೀಮೆ ಉಕ್ಕಿ ಹರಿದಾಗ ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ನದೀತೀರದ ಹಳ್ಳಿಗಳ ಜನರು ಮನೆ ಬಿಟ್ಟು ಎತ್ತರದ ಸ್ಥಳಗಳಿಗೆ ಹೋಗಬೇಕಾಯಿತು. ಜೀವ ಉಳಿಸಿಕೊಳ್ಳುವ ಹೊತ್ತಿನಲ್ಲಿ ಕಾಗದದ ಕಟ್ಟನ್ನು ಯಾರು ಹೊತ್ತಾರು? ನೀರು ಇಳಿದ ಮೇಲೆ ಅಂಟಿಕೊಂಡ ಹಾಳೆಗಳನ್ನು ಬಿಡಿಸುವುದು ಬಹಳ ಕಷ್ಟ.

ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳೆಂಬ ಹೆಸರಿನಿಂದ ನಡೆಯುತ್ತಿವೆ. ಗಣಕಗಳೂ ಹಲವೆಡೆ ಬಂದಿವೆ. ಮಠದ ಕಟ್ಟು ಮಠದಲ್ಲಿಯೇ ಇರಲಿ; ಛಾಯಾಪ್ರತಿಯ ಕೆಲಸಕ್ಕೆ ಮಾತ್ರ ಎರಡು ದಿನ ಅಲ್ಲಿಗೆ ಬಂದು ಹೋಗಲಿ ಎಂದು ಸ್ವಾಮಿಗಳನ್ನು ಕೇಳಿಕೊಂಡರೆ ಒಪ್ಪದವರು ವಿರಳ. ಮೊದಲು ಯಾವ ಮಠದಲ್ಲಿ ಯಾವ ಪತ್ರಿಕೆಯ ಎಷ್ಟನೆಯ ಸಂಪುಟದ ಯಾವ ಸಂಚಿಕೆಗಳಿವೆ ಎಂಬ ಪಟ್ಟಿಯಾಗಬೇಕು. ಆಳಂದದಲ್ಲಿ ಇಲ್ಲದ ಸಂಚಿಕೆ ಜೇವರ್ಗಿಯಲ್ಲಿ ಇರಬಹುದು, ಎರಡೂ ಕಡೆ ಇಲ್ಲದುದು ಹೊಳೆಯಾಚೆಯ ಇಂಡಿಯಲ್ಲಿ ಸಿಕ್ಕೀತು. ಪ್ರತಿ ಎತ್ತುವಾಗ ರಕ್ಷಾಪುಟದಿಂದಲೇ ಆರಂಭಿಸಬೇಕು. ಹರಿದ ಹಾಳೆಯನ್ನೂ, ಜಾಹೀರಾತಿನ ಪುಟವನ್ನೂ, ಅಂಚಿನಲ್ಲಿ ಯಾರೋ ಸೀಸದ ಕಡ್ಡಿಯಿಂದ ಬರೆದಿಟ್ಟ ಪಾಠಾಂತರವನ್ನೂ ಬಿಡದೆ ತೆಗೆದುಕೊಳ್ಳಬೇಕು. ಸಂಚಿಕೆ ಯಾವ ಊರಿನ ಯಾವ ಮಠದ್ದೆಂಬುದನ್ನು ಮೊದಲ ಪುಟದಲ್ಲಿಯೇ ನಮೂದಿಸಬೇಕು.