ಕೊಲ್ಲದೆ ಕಾಯುವ ಕೋಟೆ

ಕ್ಷಯದ ರೋಗಾಣು ಹೊಕ್ಕ ದೇಹಗಳೆಲ್ಲವೂ ರೋಗಕ್ಕೆ ತುತ್ತಾಗುವುದಿಲ್ಲ. ಜಗತ್ತಿನ ಜನರಲ್ಲಿ ಸುಮಾರು ಕಾಲುಭಾಗಕ್ಕೆ ಈ ಸೋಂಕು ತಗಲಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ನೂರಕ್ಕೆ 5ರಿಂದ 10 ಮಂದಿ ಮಾತ್ರ ಎಂದಾದರೊಮ್ಮೆ ರೋಗಿಗಳಾಗುತ್ತಾರೆ. ಉಳಿದವರ ದೇಹವು ಈ ಅಪಾಯಕಾರಿ ಅತಿಥಿಯೊಡನೆ ಬಾಳುವ ಬಗೆಯನ್ನು ಅರಿಯಲು ವೈದ್ಯಲೋಕಕ್ಕೆ ನೂರಕ್ಕೂ ಹೆಚ್ಚು ವರ್ಷಗಳು ಬೇಕಾದವು. ಆ ಅರಿವಿಗಾಗಿ ರೋಗಿಗಳು ತೆತ್ತ ಬೆಲೆ ಅಲ್ಪವಲ್ಲ.

1882ರ ಮಾರ್ಚ್ 24ರಂದು ರಾಬರ್ಟ್ ಕಾಕ್ ಅವರು ಬರ್ಲಿನ್ನಿನಲ್ಲಿ ಈ ರೋಗಾಣುವಿನ ಶೋಧವನ್ನು ಪ್ರಕಟಿಸಿದರು. 1890ರಲ್ಲಿ ಅವರೇ ರೋಗಾಣುವಿನಿಂದ ತೆಗೆದ 'ಟ್ಯೂಬರ್ಕ್ಯುಲಿನ್' ಎಂಬ ದ್ರವವನ್ನು ಕ್ಷಯಕ್ಕೆ ಮದ್ದೆಂದು ಸಾರಿದರು. ಅದರ ತಯಾರಿಕೆಯನ್ನು ಮಾತ್ರ ಮೊದಲಿಗೆ ಗುಟ್ಟಾಗಿಟ್ಟರು. ರೋಗಿಗಳು ಬರ್ಲಿನ್ನಿಗೆ ಧಾವಿಸಿದರು. ಚುಚ್ಚುಮದ್ದು ಪಡೆದವರಿಗೆ ತೀವ್ರ ಜ್ವರ, ನಡುಕ ಬಂದವು, ಕೆಲವರು ಮೃತರಾದರು. 1891ರ ಜನವರಿಯಲ್ಲಿ ರುಡಾಲ್ಫ್ ವಿರ್ಖೋ ಅವರು ಶವಪರೀಕ್ಷೆಗಳ ಫಲವನ್ನು ಮುಂದಿಟ್ಟಾಗ ನಿಜ ಹೊರಬಿದ್ದಿತು. ಮದ್ದು ರೋಗಾಣುವನ್ನು ಕೊಂದಿರಲಿಲ್ಲ, ಉರಿಯೂತವನ್ನು ಕೆರಳಿಸಿತ್ತು. ದೇಹವನ್ನು ಸುಟ್ಟದ್ದು ಅದರದೇ ರಕ್ಷಕಶಕ್ತಿಯೆಂದು ಇಂದು ಬಲ್ಲೆವು. ಕಾಕ್ ಮಹಾವಿಜ್ಞಾನಿ, ಸಂದೇಹವಿಲ್ಲ. ಆದರೆ ಒಳಗೇನಿದೆಯೆಂದು ತಿಳಿಸದೆ ಸರಕನ್ನು ಮಾರಿದ ವ್ಯಾಪಾರಿಯನ್ನು ನಾವು ಒಪ್ಪುವುದಿಲ್ಲವಷ್ಟೆ. ಪ್ರಾಣದ ವಿಷಯದಲ್ಲಿ ಒಪ್ಪುವುದೆಂತು?

ಸೋತ ಮದ್ದು ಬೇರೊಂದು ಕೆಲಸಕ್ಕೆ ಒದಗಿತು. 1907ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಅದೇ ದ್ರವದ ಹನಿಯನ್ನು ಚರ್ಮದ ಸಣ್ಣ ಗೀರಿನ ಮೇಲಿಟ್ಟು ನೋಡಿದರು. ಆರೋಗ್ಯವಂತ ಮಕ್ಕಳಲ್ಲಿಯೂ ಅನೇಕರ ಚರ್ಮ ಕೆಂಪಗೆ ಊದಿಕೊಂಡಿತು. ರೋಗಾಣು ಒಳಗಿತ್ತು, ರೋಗವಿರಲಿಲ್ಲ!

ಇದರ ಮರ್ಮ ಹೀಗಿದೆ. ದೇಹದ ಭಕ್ಷಕ ಕಣಗಳು ರೋಗಾಣುವನ್ನು ನುಂಗುತ್ತವೆ. ಆದರೆ ಅದು ಅವುಗಳೊಳಗೂ ಬದುಕಬಲ್ಲದು. ಆಗ ಇತರ ಕಣಗಳು ಸುತ್ತಲೂ ನೆರೆದು 'ಗ್ರ್ಯಾನ್ಯುಲೋಮ' ಎಂಬ ಗಂಟನ್ನು ಕಟ್ಟುತ್ತವೆ. ಕೋಟೆ ಸಡಿಲವಾದರೆ ಸೆರೆಯಾಳು ತಪ್ಪಿಸಿಕೊಳ್ಳುತ್ತಾನೆ. ರಕ್ಷಕರ ರೋಷ ಮೀರಿದರೆ ಶ್ವಾಸಕೋಶವೇ ಕರಗಿ ಕುಹರಗಳಾಗುತ್ತವೆ. ಅಲ್ಲಿಂದ ರೋಗಾಣು ಕೆಮ್ಮಿನೊಡನೆ ಇನ್ನೊಬ್ಬರ ಉಸಿರಿಗೆ ಸೇರುತ್ತದೆ. ಅಂದರೆ ಅತಿಯಾದ ಕದನದಿಂದ ಲಾಭ ಶತ್ರುವಿಗೇ.

ಕೋಟೆ ಸಡಿಲವಾದರೆ ಏನಾಗುವುದೆಂಬುದಕ್ಕೂ ಸಾಕ್ಷ್ಯ ದೊರೆಯಿತು. ಕರುಳಿನ ಉರಿಯೂತವನ್ನು ತಣಿಸಲೆಂದು 1998ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ 'ಇನ್ಫ್ಲಿಕ್ಸಿಮ್ಯಾಬ್' ಮದ್ದು, ಗಂಟನ್ನು ಬಿಗಿಹಿಡಿಯುವ ಟಿಎನ್‌ಎಫ್ ಎಂಬ ಸಂಕೇತವಸ್ತುವನ್ನೇ ತಡೆಯುತ್ತಿತ್ತು. ಅದನ್ನು ಪಡೆದವರಲ್ಲಿ ಕ್ಷಯ ಕಾಣಿಸಿಕೊಂಡ 70 ಪ್ರಕರಣಗಳು 2001ರಲ್ಲಿ ವರದಿಯಾದವು. ಈಗ ಈ ಮದ್ದನ್ನು ಕೊಡುವ ಮುನ್ನ ಅಡಗಿದ ಕ್ಷಯವಿದೆಯೇ ಎಂದು ಪರೀಕ್ಷಿಸುತ್ತಾರೆ. ಆ ಪರೀಕ್ಷೆಗಳಲ್ಲಿ ಒಂದರ ಮೂಲ, ಬರ್ಲಿನ್ನಿನಲ್ಲಿ ಸೋತ ಆ ದ್ರವವೇ.