ಪ್ರಕೃತಿ ಚಿಕಿತ್ಸೆಯ ಜಂಟಿ ಸಂಶೋಧನೆ: ನರ್ಸ್‌ಗಳ ಹೊಣೆ

ನೀರು, ಮಣ್ಣು, ಬಿಸಿಲು, ಉಪವಾಸ ಹಾಗೂ ಪಥ್ಯಾಹಾರದ ಮೂಲಕ ಆರೋಗ್ಯ ಸುಧಾರಿಸಲು ಯತ್ನಿಸುವ ಪದ್ಧತಿಯೇ ಪ್ರಕೃತಿ ಚಿಕಿತ್ಸೆ. ಜರ್ಮನಿಯ ಬವೇರಿಯಾದ ಕಥೋಲಿಕ ಧರ್ಮಗುರು ವಂ. ಸೆಬಾಸ್ಟಿಯನ್ ಕ್ನೈಪ್ (1821-1897) ಜಲಚಿಕಿತ್ಸೆಯನ್ನು ಜನಪ್ರಿಯಗೊಳಿಸಿದವರಲ್ಲಿ ಪ್ರಮುಖರು. ಗಾಂಧೀಜಿಯವರು 1946ರಲ್ಲಿ ಪುಣೆ ಬಳಿಯ ಉರುಳಿ ಕಾಂಚನದಲ್ಲಿ ಪ್ರಕೃತಿ ಚಿಕಿತ್ಸಾ ಆಶ್ರಮ ಆರಂಭಿಸಿದರು. ನಮ್ಮ ಕರಾವಳಿಯಲ್ಲಿ ಉಜಿರೆಯ ಎಸ್.ಡಿ.ಎಂ. ಪ್ರಕೃತಿ ಚಿಕಿತ್ಸಾ ಕಾಲೇಜು 1989ರಲ್ಲಿ ಆರಂಭವಾಯಿತು.

ಗುಣವಾಯಿತು ಎಂಬ ಅನುಭವವೊಂದೇ ವೈದ್ಯಕೀಯ ಸಾಕ್ಷ್ಯವಾಗುವುದಿಲ್ಲ. ಆದ್ದರಿಂದ ಪ್ರಕೃತಿ ಚಿಕಿತ್ಸಕರು ಮತ್ತು ಆಧುನಿಕ ವೈದ್ಯರು ಸೇರಿ ಅಧ್ಯಯನ ನಡೆಸುವುದುಂಟು. ಇಂತಹ ಅಧ್ಯಯನದಲ್ಲಿ ರೋಗಿಯ ಬಳಿ ಹೆಚ್ಚು ಹೊತ್ತು ಇರುವವರು ನರ್ಸ್. ರೋಗಿಯ ಸುರಕ್ಷತೆ ಮತ್ತು ಅಧ್ಯಯನದ ಸತ್ಯ ಎರಡೂ ಬಹುಪಾಲು ಅವರ ಕೈಯಲ್ಲಿವೆ.

ಒಪ್ಪಿಗೆ: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಸಂಶೋಧನೆಗೆ ನೈತಿಕ ಸಮಿತಿಯ ಅನುಮತಿ ಹಾಗೂ ರೋಗಿಯ ತಿಳಿದು ನೀಡಿದ ಒಪ್ಪಿಗೆ ಅಗತ್ಯ. "ಸಿಸ್ಟರ್ ಹೇಳಿದ ಮೇಲೆ ಆಯಿತು" ಎಂದು ಸಹಿ ಹಾಕುವವರು ನಮ್ಮಲ್ಲಿ ಅನೇಕರು. ಆ ವಿಶ್ವಾಸವನ್ನು ಒತ್ತಡವಾಗಿ ಬಳಸದೆ, ಕೊಂಕಣಿ, ತುಳು ಅಥವಾ ಕನ್ನಡದಲ್ಲಿ ಎಲ್ಲವನ್ನೂ ವಿವರಿಸಿ, ಯಾವಾಗ ಬೇಕಾದರೂ ಹೊರಬರಬಹುದು ಎಂದು ತಿಳಿಸುವುದು ನರ್ಸ್‌ನ ಕರ್ತವ್ಯ.

ಸುರಕ್ಷತೆ: ಪ್ರಕೃತಿ ಚಿಕಿತ್ಸೆಯಿಂದ ಅಪಾಯವೇ ಇಲ್ಲ ಎಂಬುದು ತಪ್ಪು ಕಲ್ಪನೆ. ಇನ್ಸುಲಿನ್ ಪಡೆಯುವವರು ಉಪವಾಸ ಮಾಡಿದರೆ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು, 70 ಮಿ.ಗ್ರಾಂಗಿಂತ ಕಡಿಮೆಯಾದರೆ ಕೂಡಲೇ ಉಪಚಾರ ಬೇಕು. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕಳೆದುಕೊಂಡವರಿಗೆ ಬಿಸಿನೀರಿನ ಪಾದಸ್ನಾನದಿಂದ ಸುಟ್ಟಗಾಯವಾದರೂ ತಿಳಿಯದು. ಮೂತ್ರಪಿಂಡ ದುರ್ಬಲವಾದವರಿಗೆ ಎಳನೀರು, ಹಣ್ಣಿನ ರಸದಲ್ಲಿರುವ ಪೊಟ್ಯಾಸಿಯಂ ಹಾನಿಕರವಾಗಬಹುದು. ಇಂತಹವರನ್ನು ಮೊದಲೇ ಗುರುತಿಸಿ ಎರಡೂ ಕಡೆಯ ವೈದ್ಯರಿಗೆ ತಿಳಿಸುವುದು, ತೊಂದರೆ ಕಂಡರೆ ಚಿಕಿತ್ಸೆ ನಿಲ್ಲಿಸಿ ವರದಿ ಮಾಡುವುದು ನರ್ಸ್‌ನ ಕೆಲಸ.

ದಾಖಲೆ: ನೀರಿನ ಉಷ್ಣತೆ, ಚಿಕಿತ್ಸೆಯ ಅವಧಿ, ಸೇವಿಸಿದ ಆಹಾರ ಮತ್ತು ಮಾತ್ರೆಗಳನ್ನು ಆಗಿಂದಾಗಲೇ ಬರೆದಿಡಬೇಕು. ರಕ್ತದೊತ್ತಡವನ್ನು ಐದು ನಿಮಿಷ ವಿಶ್ರಾಂತಿಯ ನಂತರ, ಪ್ರತಿ ಸಲವೂ ಒಂದೇ ಕ್ರಮದಲ್ಲಿ ಅಳೆಯಬೇಕು. ಹೊಟ್ಟೆಗೆ ಮಣ್ಣಿನ ಪಟ್ಟಿ ಹಾಕಿದ್ದು ರೋಗಿಗೆ ಗೊತ್ತೇ ಇರುತ್ತದೆ, ಅದನ್ನು ಮುಚ್ಚಿಡಲಾಗದು. ಆದ್ದರಿಂದ ಚಿಕಿತ್ಸೆ ನೀಡುವ ನರ್ಸ್ ಒಬ್ಬರು, ಫಲಿತಾಂಶ ಅಳೆಯುವವರು ಇನ್ನೊಬ್ಬರಾದರೆ ಉತ್ತಮ. ಯಾರಿಗೆ ಯಾವ ಚಿಕಿತ್ಸೆ ಎಂದು ಅಳೆಯುವವರಿಗೆ ತಿಳಿದಿರಬಾರದು. ಗುಣ ಕಾಣದವರ ಮತ್ತು ಅರ್ಧದಲ್ಲಿ ಬಿಟ್ಟವರ ವಿವರವೂ ದಾಖಲಾಗಬೇಕು.

ಭಾಗವಹಿಸುವವರು ಗಮನಿಸಿ: ಅಧ್ಯಯನಕ್ಕೆ ನೈತಿಕ ಸಮಿತಿಯ ಅನುಮತಿ ಇದೆಯೇ? 2007ರಲ್ಲಿ ಆರಂಭವಾದ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ದಾಖಲಾಗಿದೆಯೇ? ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು? ಇವನ್ನು ಸಹಿ ಹಾಕುವ ಮುಂಚೆ ಕೇಳಿ ತಿಳಿಯಿರಿ. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳನ್ನು ನಿಮ್ಮ ವೈದ್ಯರ ಸಲಹೆಯಿಲ್ಲದೆ ನಿಲ್ಲಿಸಬೇಡಿ.